ಹತ್ತರ ನೀರು

ಕಳೆದ ಶ್ರಾವಣದಲ್ಲಿ ಸಿಂದಗಿಯ ಬಸ್ ನಿಲ್ದಾಣದಲ್ಲಿ ಮುದ್ದೇಬಿಹಾಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಈಗ ಔಷಧ ಕಂಪನಿಯೊಂದರ ಬ್ಯಾಗು ಹಿಡಿದು ಊರೂರು ತಿರುಗುತ್ತಾನೆ. ನಮಸ್ಕಾರ ಮಾಡಿ, ಕುಶಲ ಕೇಳಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವನು ಏನೋ ನೆನಪಾದಂತೆ ಇಳಿದು ಬಂದ.

"ಬಾಯಾರ, ನಮ್ಮ ಫಾರ್ಮಲಿನ್ ಕಾಕಾ ಹೋದ್ರಂತ್ರಿ. ನಿಮಗ ಗೊತ್ತಾತಿಲ್ರಿ?"

"ಯಾವಾಗ?"

"ಯುಗಾದಿ ಆದಮ್ಯಾಲಂತ. ಇಂಡಿ ಊರಾಗ ಮಗಳ ಮನ್ಯಾಗ ಇದ್ರಂತ." ಸ್ವಲ್ಪ ನಕ್ಕು ಸೇರಿಸಿದ: "ಜನ್ಮ ಪೂರ್ತಿ ಮಂದೀನ್ನ ಕೆಡದಂಗ ಇಟ್ಟ ಮನಷ್ಯಾ. ತಾ ಮಾತ್ರ ಒಂದ ದಿನಾನೂ ಇರಲಿಲ್ಲ ನೋಡ್ರಿ. ಮುಂಜಾನಿ ಹೋದ್ರು, ಸಂಜಿಕ ಮಣ್ಣ."

ನನ್ನ ಮುಖ ನೋಡಿ ಅವನ ನಗು ನಿಂತಿತು. ಬಸ್ಸು ಹೋಯಿತು. ನಾನು ಸಿಂದಗಿಯ ಕಾಲೇಜಿಗೆ ಬಂದು ನಾಲ್ಕು ವರ್ಷವಾಗಿತ್ತು. ಇಂಡಿಯ ಬಸ್ಸು ದಿನವೂ ಅದೇ ನಿಲ್ದಾಣದಿಂದ ಹೊರಡುತ್ತಿತ್ತು. ಅದರ ಹಲಗೆಯನ್ನು ನೂರಾರು ಸಲ ಓದಿದ್ದೆ. ಅವರಿಗೆ ನಾನು ಹೇಳಬೇಕಾಗಿದ್ದುದು ಒಂದೇ ಮಾತು. ಅದನ್ನು ಏಳು ವರ್ಷ ಮುಂದೂಡುತ್ತ ಬಂದಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪ್ರಾಣಿಶಾಸ್ತ್ರ ಕಲಿಸಲು ಮುದ್ದೇಬಿಹಾಳದ ಕಾಲೇಜಿಗೆ ಬಂದೆ. ಆಗ ನನಗೆ ಇಪ್ಪತ್ಮೂರು. ಅಧ್ಯಾಪಕರ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಹಾಗಾಗಿ ಬಿಡುವಿನ ಹೊತ್ತನ್ನೆಲ್ಲ ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದೆ. ಕಾಗದದ ಮೇಲೆ ಫಾರ್ಮಲಿನ್ ಕಾಕಾ ಅಲ್ಲಿಯ ಅಟೆಂಡರ್. ನಿಜದಲ್ಲಿ ಆ ಪ್ರಯೋಗಶಾಲೆ ಅವರದು; ನಾವು ಪಾಠ ಹೇಳುವವರು ಬಂದು ಹೋಗುವವರು.

ತೆಳ್ಳಗಿನ ಎತ್ತರದ ಮನುಷ್ಯ. ಖಾಕಿ ಅಂಗಿ, ಬಿಳಿ ಟೋಪಿ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಅವರಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಕೈ. ಸತ್ತ ಜೀವಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿ ವರ್ಷಗಟ್ಟಲೆ ಅದ್ದಿದ ಬೆರಳ ತುದಿಗಳು ಹದ ಮಾಡಿದ ತೊಗಲಿನಂತೆ ಗಟ್ಟಿಯಾಗಿ, ಗೆರೆಗಳೆಲ್ಲ ಅಳಿಸಿಹೋಗಿದ್ದವು. ತುದಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲವೆಂದು, ಮಗುವಿನ ಜ್ವರ ನೋಡುವ ತಾಯಿಯ ಹಾಗೆ, ಎಲ್ಲವನ್ನೂ ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು.

ಮೂಗು ಅದಕ್ಕೂ ಮೊದಲೇ ಹೋಗಿತ್ತು. "ಇದು ಸತ್ತ ಹದಿನೈದ ವರ್ಷ ಆತ್ರಿ," ಎಂದು ಮೂಗಿನ ಮೇಲೆ ಬೆರಳಿಟ್ಟು ಹೇಳುತ್ತಿದ್ದರು. "ಮನ್ಯಾಗ ಹಳಸಿದ ಬ್ಯಾಳಿ ಹಾಕಿದ್ರೂ ಭೇಷ್ ಆಗೇತಿ ಅಂತ ಉಣ್ತೇನಿ. ನಮ್ಮಾಕಿಗೆ ಅನುಕೂಲ." ಆದರೂ ಅಂಗಿಯ ಜೇಬಿನಲ್ಲಿ ಸದಾ ಒಂದೆರಡು ಲಿಂಬೆಹಣ್ಣು. ಇಂಡಿಯ ಕಡೆಯವರು, ಅಲ್ಲಿ ಹಿತ್ತಲಿಗೊಂದು ಲಿಂಬೆ ಗಿಡ. ಸಂಜೆ ಮನೆಗೆ ಹೊರಡುವ ಮುನ್ನ ಒಂದನ್ನು ಕೊಯ್ದು ಎರಡೂ ಕೈಗೆ ತಿಕ್ಕಿಕೊಳ್ಳುತ್ತಿದ್ದರು. "ನನಗ ವಾಸನಿ ಬರಂಗಿಲ್ರಿ. ಮಂದಿಗೆ ಬರತೈತೆಲ್ಲ."

ಅವರು ಈ ಕೆಲಸ ಕಲಿತದ್ದು ದೊಡ್ಡ ಊರೊಂದರ ವೈದ್ಯಕೀಯ ಕಾಲೇಜಿನಲ್ಲಿ. ಶವಗಳನ್ನು ಕೊಯ್ದು ಕಲಿಯುವ ಹಾಲಿನ ನೆಲ ಒರೆಸಲು ಸೇರಿದವರು. ಶರೀರಶಾಸ್ತ್ರದ ಹಿರಿಯ ಪ್ರಾಧ್ಯಾಪಕರೊಬ್ಬರು ಇವರ ಕೈ ನೋಡಿ, ಪೊರಕೆ ಬಿಡಿಸಿ ಪಿಚಕಾರಿ ಕೊಟ್ಟರಂತೆ. ಹೆಣ ಕೆಡದಂತೆ ಔಷಧಿ ಏರಿಸುವ ಕೆಲಸವನ್ನು ಇಪ್ಪತ್ತು ವರ್ಷ ಮಾಡಿ, ಕೆಮ್ಮು ಹೆಚ್ಚಾದಾಗ ಗಾಳಿ ಬದಲಾಗಲೆಂದು ಮುದ್ದೇಬಿಹಾಳಕ್ಕೆ ಬಂದಿದ್ದರು. ಬರುವಾಗ ಆ ಪ್ರಾಧ್ಯಾಪಕರು ಉಡುಗೊರೆಯಾಗಿ ಕೊಟ್ಟ ಹಳೆಯ ಸಲಕರಣೆಗಳ ತಗಡಿನ ಪೆಟ್ಟಿಗೆ ಜೊತೆಗೆ ಬಂತು.

ಒಂದು ಮಧ್ಯಾಹ್ನ ಅದನ್ನು ತೆರೆದು ತೋರಿಸಿದರು. ಹಳೆಯ ಧೋತರದ ತುಂಡುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿದ್ದರು. ಹಿತ್ತಾಳೆಯ ದೊಡ್ಡ ಪಿಚಕಾರಿ. ರಕ್ತನಾಳದೊಳಗೆ ಕೂರಿಸುವ ಕ್ಯಾನ್ಯುಲಾಗಳು. ಅವರ ಬಾಯಲ್ಲಿ ಅವು 'ಕೊಳವಿ'. ಮಾಂಸದ ನಡುವಿನಿಂದ ನಾಳವನ್ನು ಹರಿಯದಂತೆ ಎತ್ತುವ ಮೊಂಡು ಕೊಕ್ಕೆ. ಹೊಟ್ಟೆಯೊಳಗಿನ ಗಾಳಿ ತೆಗೆಯುವ ಉದ್ದನೆಯ ಟ್ರೋಕಾರು. ಅದಕ್ಕೆ 'ದಬ್ಬಣ' ಅನ್ನುತ್ತಿದ್ದರು, ಜೋಳದ ಚೀಲ ಹೊಲಿಯುವ ಸೂಜಿಯಂತೆ. ತಳದಲ್ಲಿ ಮೂತಿಯಿದ್ದ ಎನಾಮಲ್ ಡಬ್ಬಿ, ಅದಕ್ಕೆ ಸೇರಿಸುವ ರಬ್ಬರ್ ನಳಿಗೆ. ಕಾರ್ಬೋಲಿಕ್ ಆಮ್ಲ, ಗ್ಲಿಸರಿನ್, ಸ್ಪಿರಿಟ್, ಲವಂಗದ ಎಣ್ಣೆಯ ಸೀಸೆಗಳು. ಕೆಂಪು ಬಣ್ಣದ ಚಿಕ್ಕದೊಂದು ಬಾಟಲಿಯೂ ಇತ್ತು.

"ಇದು ಯಾಕ?"

"ತುಟೀಗೆ ರಂಗ ಬರಾಕ್ರಿ. ಎರಡ ಹನಿ ಸಾಕು. ಮೂರ ಹಾಕಿದ್ರ ನಾಟಕದ ಹೆಣ್ಣ ಆಗತೈತಿ."

ಪಿಚಕಾರಿಗಿಂತ ಡಬ್ಬಿ ಅವರಿಗೆ ಪ್ರಿಯ. ಪಿಚಕಾರಿಯಿಂದ ಒತ್ತಿದರೆ ಬೇಗ ಮುಗಿಯುತ್ತದೆ, ಆದರೆ ಮುಖ ಊದುತ್ತದೆ. ಡಬ್ಬಿಯನ್ನು ಎತ್ತರಕ್ಕೆ ತೂಗುಹಾಕಿದರೆ ಔಷಧಿ ತನ್ನ ಪಾಡಿಗೆ ಇಳಿಯುತ್ತದೆ. ಮೂರು ನಾಲ್ಕು ತಾಸು ಹಿಡಿಯುತ್ತದೆ. "ಅವರಿಗೇನ ಗಡಿಬಿಡಿ ಇಲ್ರಿ. ನಮಗ ಯಾಕಿರಬೇಕು?"

ಒಮ್ಮೆ ಪಕ್ಕದ ಹಳ್ಳಿಯ ರೈತರೊಬ್ಬರು ಎರಡು ತಲೆಯ ಸತ್ತ ಕರುವನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ತಂದರು. ಕಾಕಾ ಒಂದು ಇಡೀ ಬೆಳಿಗ್ಗೆ ಅದರ ಕಾಲುಗಳನ್ನು ಮಡಿಸಿ, ಎರಡೂ ತಲೆಗಳನ್ನು ಒಂದಕ್ಕೊಂದು ಒರಗಿಸಿ ಸರಿ ಮಾಡಿದರು. ನನಗೆ ತಾಳ್ಮೆ ಕೆಟ್ಟಿತು. "ಔಷಧಿ ಹಾಕಿ ಆಮ್ಯಾಲ ಕುಂದರಸಬಹುದಲ್ರಿ ಕಾಕಾ?" ಎಂದೆ.

"ಔಷಧಿ ಹೋದಮ್ಯಾಲ ಸಾಕ್ಷಾತ್ ಶಿವಾ ಬಂದ್ರೂ ಬಗ್ಗಂಗಿಲ್ರಿ ಬಾಯಾರ. ಹೆಂಗ ಇರಬೇಕೋ ಹಂಗ ಮೊದಲ ಇಡಬೇಕು. ಆಮ್ಯಾಲ ತಪ್ಪಾತು ಅಂದ್ರ ಆಗಂಗಿಲ್ಲ."

ಆ ರೈತರು ಸಂತೆಗೆ ಬಂದಾಗಲೆಲ್ಲ ಬಂದು, ಗಾಜಿನ ಜಾಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತು, ಕರುವನ್ನು ನೋಡಿಕೊಂಡು ಹೋಗುತ್ತಿದ್ದರು.

ಹುಡುಗರ ಚೇಷ್ಟೆಯನ್ನು ಅವರು ಸಹಿಸುತ್ತಿದ್ದರು, ಒಂದನ್ನು ಬಿಟ್ಟು. ಯಾವನೋ ಒಬ್ಬ ಕೊಯ್ಯಲು ಕೊಟ್ಟ ಕಪ್ಪೆಯ ಬಾಯಿಗೆ ಬೀಡಿ ಸಿಕ್ಕಿಸಿದ್ದ. ಕಾಕಾ ಬೀಡಿ ತೆಗೆದು ಕಪ್ಪೆಯನ್ನು ತೊಳೆದು ಮತ್ತೆ ತಟ್ಟೆಯಲ್ಲಿಟ್ಟರು. "ತಮ್ಮಾ, ಇದು ನಿನಗ ಪಾಠ ಹೇಳಾಕ ಸತ್ತೈತಿ. ಇದು ನಿನ್ನ ಮಾಸ್ತರ. ಮಾಸ್ತರಗ ಹಿಂಗ ಮಾಡ್ತೀಯೇನು?" ಹುಡುಗ ತಲೆ ತಗ್ಗಿಸಿದ. ನಾನು ಅಂದು ಅವರಿಂದ ಕಲಿತದ್ದನ್ನು ಈಗಲೂ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಯಾರ ಮಾತೆಂದು ಹೇಳುವುದಿಲ್ಲ.

ಜಾಡಿಗಳಿಗೆ ತುಂಬುವ ದ್ರಾವಣವನ್ನು ಅವರೇ ಹಿಂದಿನ ವರಾಂಡದಲ್ಲಿ ಕೂತು ಮಾಡುತ್ತಿದ್ದರು. ಅಂಚು ಮುರಿದ ಒಂದು ಎನಾಮಲ್ ಮಗ್ಗು, ಒಂದು ಬಕೆಟ್ಟು. "ಹತ್ತರ ನೀರು ಮಾಡಿಟ್ಟೇನ್ರಿ," ಎಂದು ಬಂದು ಹೇಳುವರು. ಹತ್ತರ ನೀರು ಎಂದರೇನೆಂದು ನಾನು ಕೇಳಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತವಳು, ಹತ್ತು ಎಂದರೆ ನೂರಕ್ಕೆ ಹತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದನ್ನು ಯಾರೂ ಕೇಳುವುದಿಲ್ಲ.

ನನ್ನ ತಾಯಿಯ ತಂದೆ ಬಸವನ ಬಾಗೇವಾಡಿಯಲ್ಲಿ ತೀರಿಕೊಂಡದ್ದು ಒಂದು ಬೇಸಿಗೆಯ ನಸುಕಿನಲ್ಲಿ. ನನ್ನ ಅಣ್ಣ, ದೊಡ್ಡಮ್ಮನ ಮಗ, ಮೋಟರ್ ಸೈಕಲ್ಲಿನ ಮೇಲೆ ಕಾಲೇಜಿಗೆ ಬಂದು ಸುದ್ದಿ ಹೇಳಿದ. ಸಣ್ಣ ಮಾವ ಸೈನ್ಯದಲ್ಲಿದ್ದ, ದೇಶದ ಆ ತುದಿಯಲ್ಲಿ. ತಂತಿ ಕೊಟ್ಟಾಗಿತ್ತು, ಬಂದು ಮುಟ್ಟಲು ಮೂರು ದಿನ. ಅಜ್ಜಿ ಹಟ ಹಿಡಿದಿದ್ದಳಂತೆ: "ನನ್ನ ಸಣ್ಣ ಮಗಾ ಬಂದು ಮಾರಿ ನೋಡೂತನಕಾ ಮಣ್ಣ ಹಾಕಬ್ಯಾಡ್ರಿ."

ದೊಡ್ಡ ಮಾವ ವಿಜಾಪುರದಿಂದ ಬರ್ಫದ ಗಡ್ಡೆ ತರಿಸುವ ಯೋಚನೆಯಲ್ಲಿದ್ದ. ಆ ಬಿಸಿಲಿಗೆ ಬರ್ಫ ಎಲ್ಲಿಯ ಲೆಕ್ಕ? ನಾನು ಪ್ರಾಚಾರ್ಯರ ಅನುಮತಿ ಪಡೆದು ಕಾಕಾನ ಬಳಿ ಹೋದೆ.

"ನಾ ಬಂದ್ರ ನಿಮ್ಮ ಮನ್ಯಾಗ ನಡೀತೈತೇನ್ರಿ?" ಎಂದರು. ಅವರು ಊರ ಹೊರಗಿನ ಕೇರಿಯವರು. ಮನೆಯಲ್ಲಿ ಬುದ್ಧನ ಪಟವಿಟ್ಟವರು.

"ನಡೀತೈತಿ, ಬರ್ರಿ," ಎಂದೆ. ನನಗೆ ಗೊತ್ತಿರಲಿಲ್ಲ, ಆದರೂ ಹೇಳಿದೆ.

"ಕುಂದರಸ್ಯಾರೇನ್ರಿ ಅಜ್ಜಾರನ್ನ?"

"ಆಗಲೇ ಕುಂದರಸ್ಯಾರಂತ."

"ಭೇಷ್ ಆತು," ಎಂದು ಪೆಟ್ಟಿಗೆ ಎತ್ತಿಕೊಂಡರು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿಗೆ ಇಳಿಸುತ್ತಾರೆ. ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಫಾರ್ಮಲಿನ್ ಬಾಟಲಿಯ ಬಿರಡೆ ಸ್ವಲ್ಪ ಸಡಿಲಾಯಿತು. ಮುಂದಿನ ಸಾಲಿನವರು ಕಣ್ಣೊರೆಸತೊಡಗಿದರು, ಆಮೇಲೆ ಹಿಂದಿನವರು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಕೂಗಿದ: "ಏ, ಯಾರಲೇ ಬಸ್ಸಿನಾಗ ಉಳ್ಳಾಗಡ್ಡಿ ಹೆಚ್ಚಾಕತ್ತಾರ?" ಇಡೀ ಬಸ್ಸು ಅಳುತ್ತ ನಕ್ಕಿತು. ಕಾಕಾನ ಕಣ್ಣು ಮಾತ್ರ ಒಣಗಿತ್ತು. ಅವರು ನನ್ನ ಕಡೆ ಬಾಗಿ ಮೆಲ್ಲಗೆ, "ಬಾಟ್ಲಿ ಸೋರಾಕತ್ತೈತೇನ್ರಿ?" ಎಂದರು. ಬಿರಡೆಯನ್ನು ಬಿಗಿ ಮಾಡಿದವಳು ನಾನು.

ಬಾಗೇವಾಡಿಯ ಮನೆಯಲ್ಲಿ ಅವರನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟರು. ಅಜ್ಜ ಪಡಸಾಲೆಯ ಗೋಡೆಗೆ ಒರಗಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಎಂದಿನಂತೆ ಸ್ವಲ್ಪ ಸಿಟ್ಟಿನಲ್ಲಿದ್ದ ಹಾಗೆ ಕೂತಿದ್ದ. ಕಾಕಾ ಎದುರು ನಿಂತು ಕೈ ಮುಗಿದರು. "ಅಜ್ಜಾರ, ಒಂದ ಸ್ವಲ್ಪ ತ್ರಾಸ ಕೊಡ್ತೇನ್ರಿ. ತಡಕೋರಿ," ಎಂದರು. ನಂತರವೇ ಅಂಗಿಯ ತೋಳು ಮಡಿಸಿದ್ದು.

ನೀರು ಬೇಕೆಂದಾಗ ದೊಡ್ಡ ಮಾವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. "ಅಂವಗ ಹಂಡೆ ಮುಟ್ಟಬ್ಯಾಡ ಅಂತ ಹೇಳು. ನೀರ ನೀ ಕೊಡು."

"ಅತ್ತಿ, ಅಜ್ಜನ್ನ ಮುಟ್ಟಾಕತ್ತಾರಲ್ಲ."

"ಅಜ್ಜಗ ಆಮ್ಯಾಲ ಸ್ನಾನ ಮಾಡಸ್ತೇವಿ. ಹಂಡ್ಯಾಗಿನ ನೀರ ನಾವು ಕುಡೀಬೇಕಲ್ಲ?"

ಕಾಕಾ ಕೇಳಿಸಿಕೊಂಡರೋ ಇಲ್ಲವೋ. ಬಾಟಲಿಯನ್ನೂ ಎನಾಮಲ್ ಮಗ್ಗನ್ನೂ ಹೊಸ್ತಿಲ ಮೇಲೆ ಇಟ್ಟು, "ಬಾಯಾರ, ನೀವ ಹತ್ತರ ನೀರ ಮಾಡಿ ಕೊಡ್ರಿ. ಉಳಿದದ್ದು ನಾ ಸೇರಸ್ತೇನಿ," ಎಂದರು.

ನಾನು ಬಚ್ಚಲಲ್ಲಿ ಕೂತು ಬಾಟಲಿಯ ಚೀಟಿ ಓದಿದೆ. ನೂರಕ್ಕೆ ನಲವತ್ತು ಎಂದಿತ್ತು. ನಲವತ್ತನ್ನು ಹತ್ತು ಮಾಡಲು ಒಂದು ಪಾಲಿಗೆ ಮೂರು ಪಾಲು ನೀರು. ಲೆಕ್ಕ ಸರಿಯಾಗಿತ್ತು. ಒಂದು ಮಗ್ಗಿಗೆ ಮೂರು ಮಗ್ಗು, ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ, ಅಳೆದು ಹಾಕುತ್ತ ಬಕೆಟ್ಟನ್ನು ಮುಕ್ಕಾಲು ತುಂಬಿಸಿ ಹೊಸ್ತಿಲಿಗೆ ತಂದಿಟ್ಟೆ. ನನ್ನ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ನೆಂಟರು ನನ್ನನ್ನು ನೋಡಿ, "ಮೊಮ್ಮಕ್ಕಳಾಗ ಇಕಿಗೇ ಭಾಳ ಅಂತಃಕರಣ," ಎಂದು ಮಾತಾಡಿಕೊಂಡರು.

ಕಾಕಾ ಬಕೆಟ್ಟಿಗೆ ಗ್ಲಿಸರಿನ್, ಕಾರ್ಬೋಲಿಕ್, ಸ್ಪಿರಿಟ್ ಸೇರಿಸಿದರು. ಡಬ್ಬಿಯನ್ನು ತೊಲೆಗೆ ತೂಗುಹಾಕಿದರು. ಹೂವಿನ ಹಾರ ಮುಚ್ಚುವ ಜಾಗದಲ್ಲಿ, ಕೊರಳ ಪಕ್ಕ, ಒಂದೇ ಸಣ್ಣ ಗಾಯ ಮಾಡಿ ನಾಳ ಹುಡುಕಿ ಕೊಳವಿ ಕೂರಿಸಿದರು. ಔಷಧಿ ಬಿಡುವ ಮುನ್ನ ಅಜ್ಜನ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇರಿಸಿ, ಜೇಬಿನಿಂದ ಎರಡು ಲಿಂಬೆಹಣ್ಣು ತೆಗೆದು, ಚಿಕ್ಕದನ್ನು ಆರಿಸಿ, ಗ್ಲಿಸರಿನ್ನಿನಲ್ಲಿ ಅದ್ದಿದ ಹತ್ತಿ ಸುತ್ತಿ ಅಂಗೈಯ ನಡುವೆ ಇಟ್ಟರು.

"ಲಿಂಗದ ಕಂತಿ ಇಷ್ಟ ಇರತೈತಲ್ರಿ?" ಎಂದು, ಲಿಂಗದ ಮೇಲಿನ ಕರಿ ಹೊದಿಕೆಯ ಗಾತ್ರವನ್ನು ಬೆರಳಲ್ಲಿ ತೋರಿಸಿ ನನ್ನನ್ನು ಕೇಳಿದರು. "ಮೂರ ದಿನಾ ಇದನ್ನ ಹಿಡಕೊಂಡ ಕುಂದ್ರಲಿ. ಮಣ್ಣಿನ ಹೊತ್ತಿಗೆ ಹಣ್ಣ ತಕ್ಕೊಂಡು ಲಿಂಗ ಇಡ್ರಿ. ಕೈ ತಾನ ಬಟ್ಟಲದಂಗ ನಿಂತಿರತೈತಿ."

ನಮ್ಮ ಮನೆಯಲ್ಲಿ ಯಾರಿಗೂ, ನನಗೂ, ಆ ಕೈಯ ಯೋಚನೆ ಬಂದಿರಲಿಲ್ಲ.

ಔಷಧಿ ಇಳಿಯತೊಡಗಿ ಒಂದು ತಾಸಾಗಿರಬೇಕು. ಅವರು ಬೆರಳ ಹಿಂಬದಿಯನ್ನು ಅಜ್ಜನ ಕೆನ್ನೆಗೆ ಒತ್ತಿ ತಡೆದು ನಿಂತರು. "ಇವತ್ತ ಯಾಕೋ ಚರ್ಮ ಜಲ್ದಿ ಬಿಗಿ ಹಿಡ್ಯಾಕತ್ತೈತಿ," ಎಂದು ನನ್ನತ್ತ ನೋಡಿದರು. "ವಯಸ್ಸಾಗೇತಿ, ಅದಕ್ಕಿರಬೇಕು," ಎಂದು ತಾವೇ ಉತ್ತರ ಹೇಳಿಕೊಂಡರು.

ಎರಡು ದಿನ ಊರೇ ಬಂದು ನೋಡಿತು. ವಾಸನೆಯಿಲ್ಲ, ಊತವಿಲ್ಲ. "ಗೌಡ್ರು ಈಗ ಎದ್ದ ಬೈತಾರ ನೋಡ," ಎನ್ನುತ್ತಿದ್ದರು. ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ವಿಭೂತಿಯ ಕೆಳಗೆ ಅದು ಹೆಚ್ಚು ಕಾಣಲಿಲ್ಲ. ಮೂರನೆಯ ದಿನ ಸಣ್ಣ ಮಾವ ಬಂದ. ಹಸಿರು ಸಮವಸ್ತ್ರದಲ್ಲೇ ಬಂದು ಅಪ್ಪನ ಪಾದ ಹಿಡಿದು ಕೂತ. ಅಷ್ಟರಲ್ಲಿ ಕಾಕಾ ಕೂಡ ಮುದ್ದೇಬಿಹಾಳದಿಂದ ಬಂದು ಹಿತ್ತಲ ಬೇವಿನ ಕೆಳಗೆ ಕೂತಿದ್ದರು. ಕರೆದಿರಲಿಲ್ಲ. ಮಣ್ಣಾಗುವ ತನಕ ತಮ್ಮ ಕೆಲಸ ಮುಗಿದಿಲ್ಲ ಎನ್ನುವುದು ಅವರ ಪದ್ಧತಿ.

ವಿಧಿ ನಡೆಸಲು ಬಂದ ಅಯ್ಯನವರು ಲಿಂಗ ಇಡಲು ಅಜ್ಜನ ಎಡಗೈಯ ಮೇಲಿನ ಬಟ್ಟೆ ಸರಿಸಿದರು. ಬೆರಳುಗಳು ಒಳಕ್ಕೆ ಮಡಚಿ, ಲಿಂಬೆಹಣ್ಣಿನ ಸುತ್ತ ಮುಷ್ಟಿ ಕಟ್ಟಿ ನಿಂತಿದ್ದವು. ಹಣ್ಣು ಹೊರಬರಲಿಲ್ಲ. ಒಂದು ಬೆರಳೂ ಅಲುಗಲಿಲ್ಲ, ಕಟ್ಟಿಗೆಯಾಗಿತ್ತು.

ಕಾಕಾನನ್ನು ಕರೆದರು. ಅವರು ಮುಟ್ಟಿ ನೋಡಿದರು. "ಬಿಸಿನೀರು, ಗ್ಲಿಸರಿನ್ ಹಚ್ಚಿ ಮೆತ್ತಗ ಮಾಡ್ತೇನ್ರಿ. ಒಂದ ತಾಸ ಕೊಡ್ರಿ," ಎಂದು ಹಿತ್ತಲಿಗೆ ಬಂದರು. ನಾನು ಒಲೆಯ ಮುಂದೆ ನೀರು ಕಾಯಿಸುತ್ತಿದ್ದೆ. ಅತ್ತೆ, ದೊಡ್ಡಮ್ಮ ಅಲ್ಲೇ ಇದ್ದರು. ಕಾಕಾ ದೂರ ನಿಂತು ದನಿ ತಗ್ಗಿಸಿ ಕೇಳಿದರು:

"ಬಾಯಾರ, ಒಂದ ಮಗ್ಗ ಔಷಧಿಗೆ ಒಂಬತ್ತ ಮಗ್ಗ ನೀರ ಹಾಕಿದ್ರೆಲ್ಲ?"

ಒಂಬತ್ತು. ಬಾಟಲಿಯ ಒಂದು, ನೀರು ಒಂಬತ್ತು, ಒಟ್ಟು ಹತ್ತು. ಹತ್ತರ ನೀರು. ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಅವರ ಅಳತೆಗಿಂತ ಎರಡೂವರೆ ಪಟ್ಟು ಕಟುವಾದದ್ದನ್ನು ನಾನು ಅಜ್ಜನ ಮೈಗೆ ಕಳಿಸಿದ್ದೆ. ವಾಸನೆ ತಿಳಿಯುವ ಮೂಗು ಅವರಿಗಿರಲಿಲ್ಲ, ಬಕೆಟ್ಟಿಗೆ ನೀರು ಹಾಕುವಾಗ ನೋಡುವ ಅವಕಾಶವನ್ನು ನಾವು ಕೊಟ್ಟಿರಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಳು. ಮನೆತನದಲ್ಲಿ ಮೊದಲ ಸಲ ಎಂ.ಎಸ್ಸಿ. ಓದಿದವಳು ನಾನು.

"ಹೂಂ," ಎಂದೆ.

ಅವರು ತಲೆಯಾಡಿಸಿದರು. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಾದ್ರ ಕೈ ನಂದ ಕೆಟ್ಟೈತಿ," ಎಂದರು.

ಅಷ್ಟರಲ್ಲಿ ದೊಡ್ಡ ಮಾವ ಹಿತ್ತಲಿಗೆ ಬಂದ. "ಏನ ಮಾಡಿಟ್ಟೀಯೋ ನಮ್ಮಪ್ಪನ ಕೈಗೆ?"

"ತಪ್ಪ ನಂದ್ರಿ ಗೌಡ್ರ. ಔಷಧಿ ಹದಾ ತಪ್ಪೇತಿ. ಒಂದ ತಾಸ ಕೊಡ್ರಿ, ಬಿಡಸಿ ಕೊಡ್ತೇನಿ."

"ಇನ್ನೊಮ್ಮೆ ಮುಟ್ಟಿದಿ ಅಂದ್ರ ನೋಡು. ಒಳಗ ಕರಕೊಂಡದ್ದ ನಮ್ಮ ತಪ್ಪು."

ಮಾವ ನನ್ನ ಕಡೆ ತಿರುಗಲೂ ಇಲ್ಲ. ನಾನು ಒಲೆಗೆ ಕಟ್ಟಿಗೆ ಸರಿಸಿದೆ. ನೀರು ಕುದಿಯುತ್ತಿತ್ತು, ಯಾರಿಗೂ ಬೇಕಾಗಿರಲಿಲ್ಲ.

ಅಯ್ಯನವರು ಸಮಾಧಾನದ ಮನುಷ್ಯರು. ಲಿಂಗವನ್ನು ಮುಷ್ಟಿಯ ಮೇಲಿಟ್ಟು ಬಿಳಿ ಬಟ್ಟೆಯಿಂದ ಕಟ್ಟಿ, "ಶಿವಾ ಕೈ ನೋಡಂಗಿಲ್ಲ, ಮನಸ್ಸ ನೋಡ್ತಾನ," ಎಂದರು. ಆದರೆ ಅಜ್ಜಿ ಆಡಿದ ಮಾತು ಊರಲ್ಲಿ ಉಳಿಯಿತು. "ಹುಟ್ಟಿದಾಗಿಂದ ಅಂಗೈಯಾಗ ಲಿಂಗ ಹಿಡದಾವ, ಕಡೀಕ ಲಿಂಬಿಹಣ್ಣ ಹಿಡಕೊಂಡು ಹೋದ್ಯಾ?" ಎಂದು ಅವಳು ಅತ್ತಳು. ಇಂದಿಗೂ ಬಾಗೇವಾಡಿಯಲ್ಲಿ ನಮ್ಮದು 'ಲಿಂಬಿಹಣ್ಣಿನ ಗೌಡರ ಮನೆ'.

ಕಾಕಾ ಸಮಾಧಿಯ ತನಕ ಬಂದರು. ಎಲ್ಲರ ಹಿಂದೆ, ದೂರದಲ್ಲಿ. ಮಣ್ಣು ಮುಚ್ಚಿದ ಮೇಲೆ ಕೈ ಮುಗಿದು ಪೆಟ್ಟಿಗೆ ಹೊತ್ತು ಬಸ್ಸಿಗೆ ನಡೆದರು.

ಕಾಲೇಜಿಗೆ ಮರಳಿದ ಮೇಲೆ ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ನಂಬಿಕೆಯನ್ನು ನಾನು ನಿಧಾನವಾಗಿ ಕಟ್ಟಿಕೊಂಡೆ: ಅವರಿಗೆ ಗೊತ್ತು, ಇಪ್ಪತ್ತು ವರ್ಷದ ಅನುಭವಿ, ಗೊತ್ತಾಗದೆ ಇರುತ್ತದೆಯೇ, ಗೊತ್ತಿದ್ದೂ ನನ್ನ ಮಾನ ಉಳಿಸಲು ತಪ್ಪನ್ನು ಮೈಮೇಲೆ ಹಾಕಿಕೊಂಡರು. ಈ ನಂಬಿಕೆಯಲ್ಲಿ ಅವರು ದೊಡ್ಡವರಾಗುತ್ತಿದ್ದರು, ನಾನು ಕ್ಷಮೆ ಪಡೆದವಳಾಗುತ್ತಿದ್ದೆ. ಇಬ್ಬರಿಗೂ ಅನುಕೂಲವಾದ ನಂಬಿಕೆ ಎಂದುಕೊಂಡಿದ್ದೆ.

ಅದಾದ ಮೇಲೆ ಹತ್ತರ ನೀರು ಮಾಡುವಾಗ ಅವರು ಮಗ್ಗನ್ನು ನನ್ನ ಕೈಗೆ ಕೊಡತೊಡಗಿದರು. "ನೀವ ಅಳೀರಿ ಬಾಯಾರ." ಅದನ್ನು ನಾನು ವಿಶ್ವಾಸ ಎಂದು ತಿಳಿದೆ. ವರ್ಷಕ್ಕೆ ಒಂದೆರಡು ಸಲ, ದೂರದೂರಿಗೆ ಹೆಣ ಸಾಗಿಸುವವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. "ಬಿಟ್ಟೇನ್ರಿ," ಎಂದು ಕಳಿಸುತ್ತಿದ್ದರು. ನಮ್ಮ ಮಾವನಾಡಿದ ಮಾತಿನ ನೋವು ಎಂದು ತಿಳಿದೆ.

ಎರಡು ವರ್ಷದ ನಂತರ ಅವರು ನಿ‌ವೃತ್ತರಾದರು. ಶಾಲು, ಹಾರ, ಚಹಾ. ಸಭೆಯಲ್ಲಿ ಮಾತಾಡುವುದು ನನಗೆ ಆಗದ ಕೆಲಸ. ಆದರೂ ಎದ್ದು ನಿಂತು, ಬರೆದುಕೊಂಡು ಹೋಗಿದ್ದ ನಾಲ್ಕು ಸಾಲು ಓದಿದೆ. "ಇವರ ಕೈಯ ಅಳತೆ ಎಂದೂ ತಪ್ಪಿದ್ದಿಲ್ಲ," ಎಂಬುದು ಕೊನೆಯ ಸಾಲು. ಅವರಿಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕೂತಲ್ಲೇ ಇಲ್ಲವೆಂದು ತಲೆಯಾಡಿಸಿದರು. ಹುಡುಗರು ಚಪ್ಪಾಳೆ ತಟ್ಟಿದರು. ವಿನಯ ಎಂದು ತಿಳಿದೆ.

ಸುದ್ದಿ ಸಿಕ್ಕ ಮರು ಭಾನುವಾರ ಇಂಡಿಯ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಿತ್ತಲಲ್ಲಿ ಲಿಂಬೆ ಗಿಡ, ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಟೋಪಿ ಹಾಕಿದ ಅವರ ಫೋಟೋ. ಮಗಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಹೆಸರು ಹೇಳಿದ ಕೂಡಲೇ ಗುರುತಿಸಿದಳು.

"ಅಪ್ಪಾ ನಿಮ್ಮನ್ನ ಭಾಳ ನೆನಸ್ತಿದ್ದ ಅಕ್ಕಾರ. ನಮ್ಮ ಬಾಯಾರ ಅಂದ್ರ ಲೆಕ್ಕ ಅಂದ್ರ ಲೆಕ್ಕ, ಹನಿ ತಪ್ಪಂಗಿಲ್ಲ ಅಂತಿದ್ದ."

ಚಹಾ ಕೊಟ್ಟು ಎದುರು ಕೂತು ತಾನಾಗಿಯೇ ಹೇಳಿದಳು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಅವರು ವರ್ಷಕ್ಕೊಮ್ಮೆ ಇಳಿಸಿ, ಪಿಚಕಾರಿಗೆ ಎಣ್ಣೆ ಹಚ್ಚಿ, ಮತ್ತೆ ಸುತ್ತಿ ಇಡುತ್ತಿದ್ದರಂತೆ. ಯಾರು ಕರೆದರೂ ಹೋಗಲಿಲ್ಲ. "ಬಾಗೇವಾಡ್ಯಾಗ ಒಬ್ಬ ಅಜ್ಜಾರ ಕೈ ಕೆಡಿಸೇನಿ ಅಂತಿದ್ದ. ಔಷಧಿ ಸರಿ ಇತ್ತು, ನನ್ನ ಅಳತಿನ ಹೋಗೇತಿ ಅಂತಿದ್ದ. ಕಡೀ ಕಡೀಕ ಹೆಂಗಾಗಿತ್ತು ಅಂದ್ರ, ಚಾಕ್ಕ ನೀರ ಎಷ್ಟ ಹಾಕ್ಲಿ ಅಂತ ನನ್ನ ಕೇಳಾಂವ. ಎರಡ ಕಪ್ಪಿನ ಚಾಕ್ಕ."

ಅವರಿಗೆ ಗೊತ್ತಿರಲಿಲ್ಲ. ನನ್ನ ಒಂದು 'ಹೂಂ' ಅನ್ನು ಅವರು ನಂಬಿದ್ದರು, ತಮ್ಮ ಕೈಯನ್ನು ನಂಬುವುದು ಬಿಟ್ಟಿದ್ದರು.

ನಾನು ಹೇಳಿದೆ. ಬಚ್ಚಲು, ಮಗ್ಗು, ಮೂರು, ಒಂಬತ್ತು. ಸಣ್ಣ ದನಿಯಲ್ಲಿ, ಕ್ರಮವಾಗಿ ಹೇಳಿದೆ.

"ಹಂಗಾದ್ರ ಅಪ್ಪನ ಕೈ ಕೆಟ್ಟಿರಲಿಲ್ಲೇನ್ರಿ?"

"ಇಲ್ಲ."

ಅವಳು ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಒಳಕೋಣೆಯ ಬಾಗಿಲು ತೆರೆದಳು. ಕಿಟಕಿಯ ಬಳಿ ಕಾಕಾನ ಹೆಂಡತಿ ಕೂತಿದ್ದರು, ಪುಟ್ಟ ಜೀವ, ಮಡಿಲಲ್ಲಿ ಬಿಡಿಸುತ್ತಿದ್ದ ಶೇಂಗಾ. "ಅವ್ವಗ ಹೇಳ್ರಿ. ಆಕಿಗೆ ಕಿವಿ ಕೇಳಂಗಿಲ್ಲ, ಜೋರಾಗಿ ಹೇಳ್ರಿ."

ಜೋರಾಗಿ ಮಾತಾಡಿ ನನಗೆ ಅಭ್ಯಾಸವಿಲ್ಲ. ತರಗತಿಯಲ್ಲೂ ಹಿಂದಿನ ಬೆಂಚಿನವರು ಕೇಳಿಸುವುದಿಲ್ಲ ಎನ್ನುತ್ತಾರೆ. ಅವರ ಮುಂದೆ ಕೂತು ಹೇಳಿದೆ. ಅವರು ಶೇಂಗಾ ಬಿಡಿಸುತ್ತಲೇ ಇದ್ದರು. ಇನ್ನೂ ಗಟ್ಟಿಯಾಗಿ ಹೇಳಿದೆ. "ಆಂ?" ಎಂದು ಕಿವಿಗೆ ಕೈ ಹಚ್ಚಿದರು. ಮೂರನೆಯ ಸಲ ಕೂಗಿದೆ.

"ತಪ್ಪು ನಂದು! ನೀರ ಕಡಿಮಿ ಹಾಕಿದಾಕಿ ನಾನು! ಕೇಳಿದಾಗ ಸುಳ್ಳ ಹೇಳಿದೆ! ಅವರ ಕೈ ಕೆಟ್ಟಿರಲಿಲ್ಲ!"

ಓಣಿಯಲ್ಲಿ ಯಾರೋ ನಿಂತರು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಂಡಿತು.

ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ನನ್ನ ಮುಖವನ್ನು ಗುರುತು ಹಿಡಿಯುವವರಂತೆ ನೋಡಿದರು.

"ಕೈ ಕೆಟ್ಟಿಲ್ಲ ಅಂತ ನಾನೂ ಹೇಳ್ತಿದ್ನೆವ್ವಾ," ಎಂದರು. "ನನ್ನ ಮಾತ ಎಲ್ಲಿ ಕೇಳ್ತಾನ? ನೀ ಹೇಳಿದ್ರ ಕೇಳ್ತಿದ್ದ."